ಅಕ್ಕೋರ ಗಾಡಿಯಲ್ಲಿ ಕೂಡುವವರು

ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಹೋದ ತಿಂಗಳು ಅವರು ತೀರಿಕೊಂಡಾಗ ಸಂಶಿಯ ಅವರ ಮನೆಯ ಪಡಸಾಲೆಯಲ್ಲಿ, ಅವರ ಮನೆತನದ ಪದ್ಧತಿಯ ಪ್ರಕಾರ ಗೋಡೆಗೆ ಆನಿಸಿ ಕುಳ್ಳಿರಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿದ್ದರು. ಬಂದವರೆಲ್ಲ ಅಳುತ್ತಿದ್ದರು. ನಾನೂ ಅತ್ತೆ. ಆದರೆ ಅಳುವಿನ ನಡುವೆ ಏನೋ ಸರಿಯಿಲ್ಲ ಅನ್ನಿಸುತ್ತಲೇ ಇತ್ತು. ಅದೇನೆಂದು ಹೇಳಿದವರು ಬಾಜೂ ನಿಂತಿದ್ದ ನಮ್ಮ ಶಾಲೆಯ ಗಣಿತದ ಮಾಸ್ತರರು. ಮೂಗು ಒರೆಸಿಕೊಳ್ಳುತ್ತ, "ಇಷ್ಟೊತ್ತು ಒಂದ ಕಡೆ ಕುಂತಾರಂದ್ರ ಇವರು ನಮ್ಮ ಅಕ್ಕೋರಲ್ಲ ಬಿಡ್ರಿ" ಎಂದರು.

ಖರೆ ಮಾತು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ. ಗುಡಗೇರಿಯ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ಅವರ ಹೆಸರಿನ ಕುರ್ಚಿ ಒಂದಿತ್ತು. ಅದರ ಮೇಲೆ ಅವರ ಚೀಲ ಕೂಡುತ್ತಿತ್ತು, ಅವರಲ್ಲ. ಚಹಾ ಕಿಟಕಿಯ ಹತ್ತಿರ ನಿಂತು ಕುಡಿಯುವರು. ರೊಟ್ಟಿ ಕೈಯಲ್ಲಿ ಸುತ್ತಿಕೊಂಡು ವರಾಂಡದಲ್ಲಿ ಅಡ್ಡಾಡುತ್ತ ತಿನ್ನುವರು. ಪಾಠದಲ್ಲಿ ಯುದ್ಧ ಬಂತೆಂದರೆ ಆ ತುದಿಯಿಂದ ಈ ತುದಿಗೆ ದಾಪುಗಾಲು ಹಾಕಿ, ಸೋತ ರಾಜನ ಪರವಾಗಿ ಬಾಗಿಲಾಚೆಗೇ ಹೋಗಿ ಬಿಡುವರು. ಹುಡುಗರು ಕತ್ತು ತಿರುಗಿಸಿ ತಿರುಗಿಸಿ ಇತಿಹಾಸ ಕಲಿತರು. ಕಿರುಬೆರಳಿಗೆ ಕಾರಿನ ಕೀಲಿಯ ದಾರ ಸದಾ ಸುತ್ತಿರುತ್ತಿತ್ತು. ಮಾತಾಡುವಾಗ ಅದನ್ನು ಬಿಚ್ಚುವರು, ಮತ್ತೆ ಸುತ್ತುವರು. ಎದುರಿಗೆ ಕೂತ ನಮಗೆ ತಲೆ ಗಿರ್ ಅನ್ನುತ್ತಿತ್ತು.

ಮದುವೆ ಯಾಕೆ ಆಗಲಿಲ್ಲ ಎಂದು ಯಾರೋ ಹೊಸ ಶಿಕ್ಷಕಿ ಧೈರ್ಯ ಮಾಡಿ ಕೇಳಿದ್ದಳು. "ತಲಿ ಬಗ್ಗಿಸಿ ಕುಂತು ನೋಡಿಸ್ಕೊಳ್ಳಾಕ ನನಗ ಪುರಸೊತ್ತ ಇರಲಿಲ್ಲವಾ" ಅಂದರು, ನಗದೆ. ದಿನಕ್ಕೆ ಒಮ್ಮೆ ಲಿಂಗಪೂಜೆಗೆ ಮಾತ್ರ ಕೂಡುತ್ತಿದ್ದರು. ಅದೂ ಅವರ ಮನೆಯ ಗೋಡೆಯಾಚೆ ಇರುವ ನನಗೆ ಗೊತ್ತು: ಪೂಜೆ ಮುಗಿಯುವ ಮೊದಲೇ "ತಂಗೀ, ತಯಾರ ಆದಿಯೇನ?" ಎಂದು ಅಲ್ಲಿಂದಲೇ ಕೂಗು ಬರುತ್ತಿತ್ತು. ದೇವರಿಗೂ ಅವಸರ ಮಾಡಿದ ಹೆಣ್ಣುಮಗಳು.

ಆ ಕೂಗು ಬಂತೆಂದರೆ ಕಾರು ಹೊರಟಿತೆಂದೇ ಅರ್ಥ. ಸಂಶಿಯಿಂದ ಗುಡಗೇರಿಗೆ ದಿನಾ ಅವರ ಹಳೇ ಬಿಳಿ ಕಾರಿನಲ್ಲಿ ಹೋಗುತ್ತಿದ್ದೆವು. ಮುಂದೆ ನಾನು, ಹಿಂದೆ ಗಣಿತದ ಮಾಸ್ತರರು, ಉಳಿದ ಜಾಗದಲ್ಲಿ ದಾರಿಯಲ್ಲಿ ಕೈ ಮಾಡಿದವರು. ದವಾಖಾನೆಗೆ ಹೋಗುವ ಬಸುರಿ, ಸಂತೆಗೆ ಹೊರಟ ಮುದುಕಿ, ಒಮ್ಮೆ ಒಂದು ಆಡಿನ ಮರಿ. "ಹೊಂಟೇನಿ, ಬರಾವ್ರು ಬರ್ರಿ" ಎಂಬುದು ಅವರ ಖಾಯಂ ಮಾತು. ಬಸ್ಸಿಗೆ ಕಾದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಿಂತು ಕಾಯುವುದು ಅಂದರೆ ಅವರ ಲೆಕ್ಕದಲ್ಲಿ ಒಂದು ರೋಗ. ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ ಕಾರು ಹೊಡೆಯುತ್ತಿದ್ದರು. ಒಂದು ಕೈ ಸ್ಟೇರಿಂಗಿನ ಮೇಲೆ. ಇನ್ನೊಂದು ಕೈ ಕಿಟಕಿಯಾಚೆ ಅವರಿವರ ಹೊಲ ತೋರಿಸುತ್ತ, ಈ ಹೊಲದವನ ಸುಳ್ಳು ಆ ಹೊಲದವನ ಸೊಕ್ಕು ಎಂದು ಊರ ಪುರಾಣ ಹೇಳುತ್ತಿರುತ್ತಿತ್ತು. ಡಿಕ್ಕಿಯಲ್ಲಿ ಒಂದು ಕುರ್ಪಿ ಇರುತ್ತಿತ್ತು, ಕಳೆ ತೆಗೆಯುವುದಕ್ಕಲ್ಲ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಕಾರು ನಿಂತರೆ, ನಾವು ಇಳಿದು ಮೂಗು ಮುರಿಯುವುದರೊಳಗೆ ಅವರು ಕೂತೂ ಕೂಡದ ಹಾಗೆ ಬಗ್ಗಿ ಮಣ್ಣು ಕೆರೆದು ಮುಗಿಸಿರುತ್ತಿದ್ದರು.

ನಮ್ಮ ಕಡೆ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಹೆಸರು, ಕಡಲೆ, ಹುರುಳಿ ಎಲ್ಲ ಕಿತ್ತು ತಂದು ರಸ್ತೆಯ ಒಂದು ಮಗ್ಗುಲಿಗೆ ಹರವುತ್ತಾರೆ. ಬಸ್ಸು, ಟ್ರ್ಯಾಕ್ಟರು, ಕಾರು ಅದರ ಮೇಲೆ ಹಾಯ್ದು ಕಾಳು ಉದುರಿಸಿ ಕೊಡಬೇಕು. ಮಾಡಬಾರದೆಂದು ಹೇಳುವವರು ಹೇಳುತ್ತಾರೆ, ಮಾಡುವವರು ಮಾಡುತ್ತಾರೆ. ಬೇರೆ ಗಾಡಿಯವರು ಖಾಲಿ ಮಗ್ಗುಲಿಗೆ ತಪ್ಪಿಸಿಕೊಂಡು ಹೋದರೆ, ಅಕ್ಕೋರು ಬೇಕೆಂದೇ ಬೆಳೆಯ ಮೇಲೆ ಹಾಯಿಸುವರು. ಹೋದದ್ದು ಸಾಲದೆಂದು ಹಿಂದೆ ಬಂದು ಮತ್ತೆ ಹಾಯಿಸುವರು. "ಹೆಂಗೂ ಹೊಂಟೇವಿ, ಗಾಲಿಗೇನ ಭಾರ?" ಎನ್ನುವರು. ಶಾಲೆಗೆ ತಡವಾದರೆ ಹೆಡ್‌ಮಾಸ್ತರರಿಗೆ, "ಒಕ್ಕಲಿ ಮಾಡಿ ಬಂದ್ವಿರಿ" ಎಂದು ಅವರದೇ ಉತ್ತರ. ಗುಡಗೇರಿಯ ಈಚೆ ತಿರುವಿನಲ್ಲಿ ಫಕೀರವ್ವ ಎಂಬ ರೈತ ಹೆಂಗಸು ಪ್ರತಿ ಸುಗ್ಗಿಯಲ್ಲೂ ತನ್ನ ಬೆಳೆ ಹರವುತ್ತಿದ್ದಳು. ಅಕ್ಕೋರ ಗಾಡಿ ಬಂದರೆ ಎದ್ದು ನಿಂತು ಕೈ ಮುಗಿಯುವಳು. ಅಕ್ಕೋರು ಹಾರ್ನ್ ಹೊಡೆದು ಬೈಯುವರು: "ಕೈ ಮುಗಿಯೋದ ಬಿಟ್ಟು ಬಳ್ಳಿ ತಿರುವಿ ಹಾಕಬೇ!"

ಅವತ್ತು ಹೆಸರಿನ ಸುಗ್ಗಿ. ಬೆಳಿಗ್ಗೆ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಫಕೀರವ್ವ ತಾಡಪತ್ರಿ ಹೊದಿಸಿದ್ದವಳು, ಬಿಸಿಲು ಬಿದ್ದೊಡನೆ ತೆಗೆದು ಬಿಟ್ಟಿದ್ದಳು. ಮೇಲಿನ ಬಳ್ಳಿ ಒಣಗಿದ ಹಾಗೆ ಕಾಣುತ್ತಿತ್ತು, ಅಡಿಗೆಲ್ಲ ಹಸಿ. ಗಣಿತದ ಮಾಸ್ತರರು ರಜೆಯಲ್ಲಿದ್ದರು, ಕಾರಿನಲ್ಲಿ ನಾವಿಬ್ಬರೇ. ರಸ್ತೆಯ ಅರ್ಧ ಪೂರಾ ಖಾಲಿ ಇತ್ತು. ಅಕ್ಕೋರು ರೂಢಿಯ ಪ್ರಕಾರ ಬೆಳೆಯ ಮೇಲೆಯೇ ಹೋದರು, ರೂಢಿಯ ಜೋರಿನಲ್ಲೇ ಹೋದರು. ಕಾರು ಜಾರಿತು. ಬೆಳೆಯ ಅಂಚಿಗೆ ಇಟ್ಟಿದ್ದ ಕಲ್ಲು ಹಾರಿಸಿ, ಎಡಕ್ಕೆ ಹೊರಳಿ, ಜಾಲಿ ಮರಕ್ಕೆ ಮೂತಿ ಕೊಟ್ಟು ನಿಂತಿತು. ನಾನು ಕೂತ ಮಗ್ಗುಲು ಅದು. ನನ್ನ ಮುಂಗೈ ಎಲುಬು ಬಿರುಕು ಬಿಟ್ಟಿತು. ಅವರ ಹುಬ್ಬು ಹರಿದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಆ ರಕ್ತ ಒರೆಸಿಕೊಳ್ಳದೆ ನನ್ನ ಮುಖ ಹಿಡಿದು, "ಮಾತಾಡ ತಂಗಿ, ಏನರ ಮಾತಾಡ" ಎಂದು ಒಂದೇ ಸಮ ಅನ್ನುತ್ತಿದ್ದರು.

ಪೊಲೀಸಪ್ಪ ಬಂದಾಗ ಫಕೀರವ್ವ ಬೆಳೆಯ ನಡುವೆ ಕಲ್ಲಾಗಿ ನಿಂತಿದ್ದಳು. ಜನ ಕೂಡಿ, "ರಸ್ತಾದಾಗ ಹಾಕಿದಾಕಿ ಮ್ಯಾಲ ಕೇಸ್ ಮಾಡ್ರಿ" ಎನ್ನುತ್ತಿದ್ದರು. ಅಕ್ಕೋರು ಹುಬ್ಬಿಗೆ ಸೆರಗು ಒತ್ತಿಕೊಂಡು, "ನಾಯಿ ಅಡ್ಡ ಬಂತ್ರಿ, ತಪ್ಪಸಾಕ ಹೋಗಿ ಹಿಂಗಾತು" ಎಂದರು. ಗಾಲಿಗೆ ಸುತ್ತಿದ ಹೆಸರಿನ ಬಳ್ಳಿಯನ್ನು ಪೊಲೀಸಪ್ಪ ನೋಡಿದ, ಅಕ್ಕೋರನ್ನು ನೋಡಿದ. ಅವನೂ ಅವರ ಕೈಯಲ್ಲಿ ಇತಿಹಾಸ ಕಲಿತವನು. ನಾಯಿ ಎಂದೇ ಬರೆದುಕೊಂಡ. ಆಮೇಲೆ ತಿಂಗಳುಗಟ್ಟಲೆ ಊರವರು, "ಅಕ್ಕೋರ, ನಾಯಿ ಯಾವ ಬಣ್ಣದ್ದರಿ?" ಎಂದು ಕಾಡಿದರು.

ಅಲ್ಲಿಂದ ಸುರುವಾಯಿತು ನೋಡಿ ಅವರ ಒದ್ದಾಟ. ಕಾರನ್ನು ಕುಂದಗೋಳದ ಒಂದು ಗ್ಯಾರೇಜಿಗೆ ಎಳೆದೊಯ್ದು ಹಾಕಿದ್ದರು. ಹಳೇ ಗಾಡಿ, ವಿಮೆಯಿಂದ ಏನೂ ಬರುವಂತಿರಲಿಲ್ಲ. ಮಿಸ್ತ್ರಿ ಕೆಳಗೆ ತೂರಿ ನೋಡಿ ಎದ್ದು, "ಮಾಡಿ ಕೊಡ್ತೀನ್ರಿ. ಖರೇ, ಮೊದಲಿನ ಗಾಡಿ ಆಗಂಗಿಲ್ಲ" ಎಂದಿದ್ದ. ಅಣ್ಣಿಗೇರಿಯಲ್ಲಿದ್ದ ಅವರ ತಮ್ಮ ಫೋನಿನಲ್ಲಿ, "ಗುಜರಿಗೆ ಹಾಕಬೇ ಯಕ್ಕಾ, ರಕ್ತ ಕಂಡ ಗಾಡಿ ಮನಿಗೆ ಬ್ಯಾಡ" ಎಂದಿದ್ದರು. ಅಕ್ಕೋರು ತಮ್ಮನಿಗೆ, "ನನ್ನ ಗಾಡಿ ಬಗ್ಗೆ ನೀ ಏನ ಮಾತಾಡ್ತಿಯೋ" ಎಂದು ಜಗಳಾಡಿ ಫೋನ್ ಇಡುವರು. ಇಟ್ಟ ಮೇಲೆ, "ಗುಜರಿಗೇ ಹಾಕೂಣೇನು ತಂಗಿ?" ಎಂದು ನನ್ನನ್ನು ಕೇಳುವರು. ನಾನು ಹೂಂ ಎಂದರೆ, "ಅಷ್ಟ ಹಗುರೇನು?" ಎಂದು ಸಿಟ್ಟಾಗುವರು. ಊಹೂಂ ಎಂದರೆ, "ಆ ಮೂತಿ ನೋಡಿಯಿಲ್ಲೋ?" ಎನ್ನುವರು. ಮುಂಜಾನೆ ರಿಪೇರಿ, ಮಧ್ಯಾಹ್ನ ಗುಜರಿ, ಸಂಜೆಗೆ ಯಾವುದೂ ಅಲ್ಲ. ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಕುಂದಗೋಳಕ್ಕೆ ಹೋಗಿ, ಕಾರನ್ನು ಸುತ್ತು ಹಾಕಿ ನೋಡಿ ಬರುವರು. ಮನೆಯ ಕಟ್ಟೆಯ ಮೇಲೆ ಆ ಕಡೆ ಈ ಕಡೆ ತಿರುಗುವರು. ಅವರ ಹೆಜ್ಜೆಯ ಸಪ್ಪಳ ಕೇಳಿ ಕೇಳಿ ನನಗೂ ಒಲೆಯ ಮುಂದೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪ್ಲಾಸ್ಟರು ಹಾಕಿದ ಕೈಯೊಳಗೆ ತುರಿಕೆ, ಹೊರಗೆ ಆ ಹೆಜ್ಜೆ.

ನಾನು ಮೊದಲು ತಿಳಿದದ್ದು, ಖರ್ಚಿಗೆ ಹಿಂದೆಮುಂದೆ ನೋಡುತ್ತಿದ್ದಾರೆ ಎಂದು. ಅದಲ್ಲ ಎಂದು ತಿಳಿದದ್ದು ಅವರು ಊರಮಂದಿಯನ್ನೆಲ್ಲ ವಿಚಾರಿಸುವ ರೀತಿ ನೋಡಿದ ಮೇಲೆ. ಎಲ್ಲರೂ, "ಮಾಡಸ್ರಿ ಅಕ್ಕೋರ, ನಿಮ್ಮ ಗಾಡಿ ಇಲ್ಲಂದ್ರ ಈ ರಸ್ತಾ ಬಣಬಣ" ಎಂದೇ ಹೇಳುತ್ತಿದ್ದರು. ಆಗ ಅವರು ಕಿರುಬೆರಳಿನ ದಾರ ಬಿಚ್ಚಿ ಒಂದೇ ಪ್ರಶ್ನೆ ಕೇಳುವರು: "ಮಾಡಸ್ತೀನಿ. ನೀವು ಕುಂಡ್ರತೀರೇನು?"

ಅಷ್ಟಕ್ಕೆ ಎದುರಿಗಿದ್ದವರ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಗಣಿತದ ಮಾಸ್ತರರು, "ನನಗೀಗ ಬಸ್ಸ ಹೊಂದಿಕೊಂಡೈತ್ರಿ, ಮತ್ತ ಆ ಕಂಡಕ್ಟರ್ ನಮ್ಮ ಬೀಗರ ಪೈಕಿ" ಎಂದರು. ಸಂತೆಯ ಮುದುಕಿ, "ಕುಂಡ್ರತೀನವಾ, ಯಾಕ ಕುಂಡ್ರೂದಿಲ್ಲ, ಆದರ ಅಮಾಸಿ, ಮಂಗಳವಾರ, ಮಳಿ ಬಂದ ದಿನ ಬ್ಯಾಡ" ಎಂದಳು. ಇನ್ನೊಬ್ಬರು ಮೊದಲು ಗಾಡಿಗೆ ಶಾಂತಿ ಮಾಡಿಸಿರಿ ಎಂದರು. ಅಕ್ಕೋರು ನಕ್ಕು ಬರುವರು. ಬಂದು ಕಟ್ಟೆಯ ಮೇಲೆ ಮತ್ತೆ ಅದೇ ತಿರುಗಾಟ.

ಒಂದು ಸಂಜೆ ಆ ತಿರುಗಾಟ ನನ್ನ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಿತು.

"ನೀ ಕುಂಡ್ರತೀಯೇನ ತಂಗಿ?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಹೆದರಿಕಿ ಬರ್ತೈತ್ರಿ ಅಕ್ಕೋರ. ಜಾಲಿ ಗಿಡ ಕಂಡ್ರ ಬಸ್ಸಿನ್ಯಾಗೂ ಕಾಲ ಬಿಗಿ ಹಿಡೀತೀನಿ."

"ಖರೇ ಹೇಳಿದಾಕಿ ನೀ ಒಬ್ಬಾಕಿ" ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಆಮೇಲೆ ಗೋಡೆಯ ಕಡೆ ನೋಡುತ್ತ, "ಒಬ್ಬಾಕಿನ ಹೋಗಾಕ ನನಗ ಗಾಡಿ ಬೇಕಾಗಿಲ್ಲ ತಂಗಿ. ಖಾಲಿ ಸೀಟ ತಿರುಗಸ್ಕೊಂಡ ಎಲ್ಲಿಗೆ ಹೋಗ್ಲಿ?" ಎಂದರು. ಅವತ್ತು ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಬರುತ್ತೇನೆ ಎಂದು ಹೇಳಿ ಬಿಡಬೇಕೆನ್ನಿಸಿತು. ಹೇಳಲಾಗಲಿಲ್ಲ. ಹೆದರಿಕೆ ಅನ್ನುವುದು ಪ್ರೀತಿಯ ಮಾತು ಕೇಳುವುದಿಲ್ಲ.

ಮರುದಿನ ಅವರು, "ಗುಜರಿಯವಗ ಬಾ ಅಂದೀನಿ. ಕಡೀ ಸಲ ನೋಡಿ ಬರೂಣು, ನಡಿ" ಎಂದು ನನ್ನನ್ನು ಕುಂದಗೋಳಕ್ಕೆ ಹೊರಡಿಸಿದರು. ಬಸ್ಸಿನಲ್ಲಿ ಸೀಟಿದ್ದರೂ ಕಂಬ ಹಿಡಿದು ನಿಂತೇ ಬಂದರು. ಗ್ಯಾರೇಜಿನ ಅಂಗಳಕ್ಕೆ ಕಾಲಿಟ್ಟರೆ, ನಮಗಿಂತ ಮೊದಲೇ ಅಲ್ಲಿ ಫಕೀರವ್ವ ಇದ್ದಳು. ಅಪಘಾತವಾದ ಮೇಲೆ ಅವಳು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ನಾವು ಬರುವ ಬಸ್ಸು ಕಂಡರೆ ಹೊಲದೊಳಗೆ ಇಳಿಯುತ್ತಿದ್ದಳಂತೆ. ಕೈಯಲ್ಲಿ ಒಂದು ಬಟ್ಟೆಯ ಗಂಟು. ಅಕ್ಕೋರನ್ನು ಕಂಡೊಡನೆ ಅವಳ ಮುಖ ಸಣ್ಣಗಾಯಿತು.

"ಯಾಕ ಬಂದೀಬೇ ಇಲ್ಲಿ?" ಎಂದರು ಅಕ್ಕೋರು.

"ಗುಜರಿಗೆ ಹಾಕ್ತೀರಂತ್ರಿ?"

"ಹೂಂ. ಕುಂಡ್ರೋರಿಲ್ಲ."

ಫಕೀರವ್ವ ಚಪ್ಪಲಿ ಬಿಟ್ಟು, ಕಾರಿನ ಹಿಂದಿನ ಬಾಗಿಲು ತೆಗೆದು, ಒಳಗೆ ಬಿದ್ದಿದ್ದ ಗಾಜಿನ ಚೂರನ್ನು ಸೆರಗಿನಿಂದ ಆಚೆ ಜಾಡಿಸಿ, ಒಳಗೆ ಹೋಗಿ ಕೂತಳು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದಳು. ಹೆಸರುಕಾಳಿನ ಉಸುಳಿ ಮತ್ತು ರೊಟ್ಟಿ.

"ನಿಮ್ಮ ಗಾಲಿ ಒಕ್ಕಿದ ಹೆಸರ್ರಿ ಇದು" ಎಂದಳು. "ನಾಯಿ ಅಂದ್ರಿ ನೀವು. ಪೊಲೀಸರ ಮುಂದ ನಾಯಿ ಅಂದ್ರಿ. ನಾನ ಆ ನಾಯಿ. ಈಗ ಕುಂತೀನಿ. ಗುಜರಿಯವ ಬಂದ್ರ ನನ್ನೂ ಸೇರಿಸಿ ಒಯ್ಯಲಿ."

ಅಕ್ಕೋರು ಬೈಯುತ್ತಾರೆ ಎಂದು ನಾನು ಕಾದೆ. ಬೈಯಲಿಲ್ಲ. ತಾವೂ ಚಪ್ಪಲಿ ಬಿಚ್ಚಿ, ನಿರಿಗೆ ಎತ್ತಿ ಸಿಕ್ಕಿಸಿ, ಗಾಜಿಲ್ಲದ ಆ ಕಾರಿನ ಡ್ರೈವರ್ ಸೀಟಿನಲ್ಲಿ ಹೋಗಿ ಕೂತರು. ಸುಮ್ಮನೆ ಕೂತರು. ಉಸುಳಿಗೆ ಹಿಂದಕ್ಕೆ ಕೈ ಚಾಚಿದರು. ನನಗೆ ಅಂಗಳದಲ್ಲಿ ಒಬ್ಬಳೇ ನಿಲ್ಲಲಾಗಲಿಲ್ಲ. ಹೆದರಿಕೆ ಹೋಗಿತ್ತು ಎಂದು ಹೇಳಲಾರೆ. ನನ್ನ ಜಾಗದ ಬಾಗಿಲು ನಜ್ಜುಗುಜ್ಜಾಗಿ ತೆರೆಯಲೇ ಇಲ್ಲ. ಸುತ್ತು ಹಾಕಿ ಹೋಗಿ ಫಕೀರವ್ವನ ಬಾಜೂ ಕೂತೆ. ಮೂರು ಹೆಂಗಸರು ಮೂತಿ ಮುರಿದ ಕಾರಿನಲ್ಲಿ ಕೂತು ರೊಟ್ಟಿ ತಿನ್ನುವುದನ್ನು ನೋಡಿದ ಮಿಸ್ತ್ರಿ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಬಂದ.

"ಎಲ್ಲಿಗ್ರಿ ಅಕ್ಕೋರ ಸವಾರಿ?"

"ಗುಡಗೇರಿಗೆ" ಎಂದರು ಅಕ್ಕೋರು, ತುತ್ತು ನುಂಗುತ್ತ. "ಲಗೂನ ಮಾಡ್ರಿ, ಸಾಲೀಗೆ ಹೊತ್ತಾಗತೈತಿ."

ಕಾರು ತಯಾರಾದ ದಿನ ನಮ್ಮನ್ನು ಬಿಟ್ಟು, ಮಿಸ್ತ್ರಿಯನ್ನಷ್ಟೇ ಕೂಡಿಸಿಕೊಂಡು ಅಕ್ಕೋರು ಕುಂದಗೋಳದ ಆಚೆತನಕ ಹೋಗಿ ಬಂದರು. ಇಳಿದ ಮಿಸ್ತ್ರಿ ಏನೋ ಹೇಳಲು ಬಾಯಿ ತೆರೆದ. "ಅಗದಿ ಬೆಣ್ಣಿ ಆಗೈತಿ!" ಎಂದು ಅಕ್ಕೋರು ಅವನಿಗಿಂತ ಮೊದಲೇ ನಮ್ಮ ಕಡೆ ಕೂಗಿದರು. ಮಿಸ್ತ್ರಿ ಬಾಯಿ ಮುಚ್ಚಿ ಕೈ ಒರೆಸಿಕೊಂಡ. ಬಾನೆಟ್ಟು ಬೇರೆ ಯಾವುದೋ ಕಾರಿನದು, ಬಿಳಿಯಲ್ಲೇ ಬೇರೆ ಬಿಳಿ. ನಾನು ಮುಂದೆ ಕೂತೆ, ಫಕೀರವ್ವ ಹಿಂದೆ. ಹದಿನೈದು ದಿನಕ್ಕೆ ಮುದುಕಿ ಬಂದಳು, ಅಮಾವಾಸ್ಯೆ ಬಿಟ್ಟು. ಕಂಡಕ್ಟರ್ ಬೀಗರಿಗೆ ವರ್ಗವಾದ ಮೇಲೆ ಗಣಿತದ ಮಾಸ್ತರರೂ ಬಂದರು.

ಅಕ್ಕೋರ ಹೊಡೆತ ಮಾತ್ರ ಬದಲಾಗಿತ್ತು. ಮೆಲ್ಲಗೆ ಹೋಗುವರು. ಎರಡೂ ಕೈ ಸ್ಟೇರಿಂಗ್ ಬಿಡುತ್ತಿರಲಿಲ್ಲ. ಹೊಲ ತೋರಿಸಬೇಕಾದರೆ ಗದ್ದ ಎತ್ತಿ ತೋರಿಸುವರು. ಬೆಳೆ ಕಂಡರೆ ನಿಲ್ಲಿಸಿ, "ಅಡಿಗೆ ಹಸಿ ಐತೇನಬೇ?" ಎಂದು ಕೇಳಿ, ಬೆಳೆಯವರು ಕೈಯಾಡಿಸಿ ನೋಡಿ ಹೇಳಿದ ಮೇಲೇ ಹಾಯಿಸುವರು. ಪೆಟ್ಟು ತಿಂದ ಮೇಲೆ ಬುದ್ಧಿ ಬಂತು ಎಂದು ನಾವು ಹಿಂದಿನಿಂದ ನಕ್ಕೆವು. ಬಾಯಿ ಮಾತ್ರ ಮೊದಲಿಗಿಂತ ಜೋರು. ಸಂಶಿಯಲ್ಲಿ ಸುರುವಾದ ಪುರಾಣ ಗುಡಗೇರಿಯಲ್ಲಿ ನಿಲ್ಲುತ್ತಿತ್ತು. ಬೋರ್ಡಿನ ಮೇಲ್ಭಾಗದಲ್ಲಿ ಬರೆಯುವುದನ್ನು ಬಿಟ್ಟರು, ಭುಜ ಏಳುತ್ತಿರಲಿಲ್ಲ. "ವಯಸ್ಸಾತು" ಎನ್ನುವರು. ಫಕೀರವ್ವ ಬಿಡುವಾದಾಗ ಬಂದು ಎಣ್ಣೆ ಬಿಸಿ ಮಾಡಿ ಆ ಭುಜಕ್ಕೆ ತಿಕ್ಕುವಳು. ಆಗಲೂ ಕೂಡುತ್ತಿರಲಿಲ್ಲ, ನಿಂತೇ ತಿಕ್ಕಿಸಿಕೊಳ್ಳುತ್ತಿದ್ದರು. ನಿವೃತ್ತರಾದ ಮೇಲೂ ನಮ್ಮನ್ನು ಬಿಡಲೆಂದೇ ಗುಡಗೇರಿಗೆ ಹೋಗಿ ಬರುತ್ತಿದ್ದರು.

ನನಗೆ, "ಗಾಡಿ ಕಲಿ ತಂಗಿ, ಮಂದಿ ಕೈಯಾಗ ಎಷ್ಟ ದಿನ ಕುಂಡ್ರತಿ?" ಎಂದು ಬೆನ್ನು ಹತ್ತಿ ಡ್ರೈವಿಂಗ್ ಕಲಿಸಿದವರೂ ಅವರೇ. ಕಲಿತ ಮೇಲೆ, ನಿಮ್ಮ ಗಾಡಿ ಒಂದು ಸಲ ಕೊಡಿರಿ ಎಂದರೆ ಮಾತ್ರ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿಯುವರು. "ಇದು ನನ್ನ ಕೈಗೆ ಹೊಂದೈತಿ, ನಿನಗ ಬ್ಯಾಡ." ಇಷ್ಟು ಉದಾರಿ ಇದೊಂದರಲ್ಲಿ ಹೀಗೇಕೆ ಜಿಪುಣಿ ಎಂದು ನನಗೆ ಒಳಗೊಳಗೆ ಬೇಜಾರಿತ್ತು.

ಈ ವಾರ ಅವರ ತಮ್ಮ ಫೋನ್ ಮಾಡಿದರು. ಅವರಿಗೆ ಗಾಡಿ ಹೊಡೆಯಲು ಬರುವುದಿಲ್ಲ. "ಅಕ್ಕನ ಗಾಡಿ ಅಣ್ಣಿಗೇರಿಗೆ ಮುಟ್ಟಿಸ್ತೀರೇನ್ರಿ? ಅಂಗಳದಾಗರ ಇರಲಿ" ಎಂದರು. ಗುಜರಿಯ ಮಾತು ಈ ಸಲ ಅವರ ಬಾಯಲ್ಲೂ ಬರಲಿಲ್ಲ. ಸುದ್ದಿ ತಿಳಿದು ಫಕೀರವ್ವ ಬೆಳಿಗ್ಗೆಯೇ ಬಂದು ನಿಂತಿದ್ದಳು. "ಕಳಿಸಿ ಬರೂಣ್ರಿ" ಎಂದು ತನ್ನ ಹಿಂದಿನ ಜಾಗದಲ್ಲಿ ಕೂತಳು. ಕೀಲಿಯ ದಾರವನ್ನು ನಾನು ಕಿರುಬೆರಳಿಗೆ ಸುತ್ತಿಕೊಂಡೆ. ಚಾಲು ಮಾಡಿದೆ.

ಊರ ಹೊರಗೆ ಬರುವುದರಲ್ಲಿ ನನಗೆ ಗೊತ್ತಾಯಿತು. ಕಾರು ಎಡಕ್ಕೆ ಎಳೆಯುತ್ತಿತ್ತು. ಸ್ವಲ್ಪವಲ್ಲ. ಕೈ ಸಡಿಲ ಬಿಟ್ಟರೆ ರಸ್ತೆ ಬಿಟ್ಟು ಇಳಿಯುವಷ್ಟು. ಎರಡೂ ಕೈಯಿಂದ ಬಲಕ್ಕೆ ಒತ್ತಿ ಹಿಡಿದೇ ಇರಬೇಕು, ಒಂದು ಗಳಿಗೆ ಬಿಡುವ ಹಾಗಿಲ್ಲ. ಸ್ವಲ್ಪ ದೂರದಲ್ಲೇ ನನ್ನ ಭುಜ ಉರಿಯತೊಡಗಿತು. ರಸ್ತೆಯ ಮಗ್ಗುಲಿಗೆ ಅಲ್ಲಲ್ಲಿ ಕಡಲೆ ಹರವಿದ್ದರು. ನಾನು ಹಲ್ಲು ಕಚ್ಚಿ ದೂರ ದೂರ ಹೋದೆ.

"ಅಕ್ಕೋರು ಬಾಯಿ ಮುಚ್ಚತಿದ್ದಿಲ್ಲ. ನೀವ್ಯಾಕ ಸುಮ್ಮಗದೀರಿ?" ಎಂದಳು ಫಕೀರವ್ವ ಹಿಂದಿನಿಂದ.

"ಗಾಡಿ ಎಡಕ್ಕ ಜಗ್ಗತೈತಿ ಫಕೀರವ್ವಾ. ಹಿಡಿಯೋದ ಸಾಕಾಗೇತಿ, ಎಲ್ಲಿಂದ ಮಾತಾಡ್ಲಿ?"

ಅವಳು ಮುಂದಕ್ಕೆ ಬಾಗಿ ನನ್ನ ಕೈ ನೋಡಿದಳು. "ಯಾವಾಗಿಂದ್ರಿ?"

"ಗ್ಯಾರೇಜಿನಿಂದ ಬಂದಾಗಿಂದ ಇರಬೇಕು."

ಕನ್ನಡಿಯಲ್ಲಿ ನೋಡಿದೆ. ಎಣ್ಣೆ ತಿಕ್ಕಿದ ತನ್ನ ಅಂಗೈಯನ್ನು ಅವಳು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದಳು. "ಎಷ್ಟ ಎಣ್ಣಿ ತಿಕ್ಕೀನ್ರಿ ಆ ಭುಜಕ್ಕ" ಎಂದಳು. "ಒಂದಿನಾನೂ ಬಾಯಿ ಬಿಡಲಿಲ್ಲಲ್ರಿ ನಮ್ಮವ್ವ."

"ಬಾಯಿ ಬಿಟ್ಟಿದ್ರ ನೀ ಕುಂಡ್ರತಿದ್ದೇನು?"

ಫಕೀರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಾ ಬಿಡ್ರಿ, ಮುರಿದ ಗಾಡ್ಯಾಗೂ ಕುಂತಾಕಿ" ಎಂದಳು. "ನೀವು ಕುಂಡ್ರತಿದ್ರೇನ್ರಿ?"

ಅಷ್ಟರಲ್ಲಿ ಕಾರು ಮತ್ತೆ ಎಡಕ್ಕೆ ಹೊರಟಿತ್ತು. ಎರಡೂ ಕೈಯಿಂದ ಎಳೆದು ರಸ್ತೆಗೆ ತಂದೆ.